ನಲವತ್ತೇಳನೇ ಪ್ರಶ್ನೆಗೆ ಸಮುದ್ರ ಬಂದದ್ದು

೧

ಎಲ್ಲಿಂದ ಶುರು ಮಾಡಲಿ? ಸಮುದ್ರದಿಂದ ಶುರು ಮಾಡಿದರೆ ಮೊದಲ ಸಾಲಿನಲ್ಲೇ ಉತ್ತರ ಬಿಟ್ಟುಕೊಟ್ಟ ಹಾಗೆ. ಊರ ನಡುವಿನ ಟ್ರಾಫಿಕ್ ಸಿಗ್ನಲಿನಿಂದ ಶುರು ಮಾಡಿದರೆ ಅದೂ ಒಂದು ಉತ್ತರವೇ. (ಮೊದಲ ಕರಡಿನಲ್ಲಿ ಅಲೆಗಳು ಭೋರ್ಗರೆಯುತ್ತಿದ್ದವು. ನನಗೇ ನಾಚಿಕೆಯಾಗಿ ಹರಿದೆ. ಎರಡನೆಯದರಲ್ಲಿ ಹಾರ್ನುಗಳು ಭೋರ್ಗರೆಯುತ್ತಿದ್ದವು. ನನ್ನ ಹತ್ತಿರ ಇರುವುದು ಒಂದೇ ಕ್ರಿಯಾಪದ ಎಂದು ಗೊತ್ತಾಗಿ ಅದನ್ನೂ ಹರಿದೆ.) ಆದ್ದರಿಂದ ಓದುಗರೇ, ನೇರವಾಗಿ ಪ್ರಶ್ನೆಗೇ ಬರೋಣ.

ಪ್ರಶ್ನೆ ೪೭: ನಮ್ಮ ರಾಜಧಾನಿ ಒಂದು ಕರಾವಳಿ ನಗರ. ಸರಿ / ತಪ್ಪು.

ನೀವು ಮನಸ್ಸಿನಲ್ಲೇ ಒಂದಕ್ಕೆ ಟಿಕ್ ಹಾಕಿಬಿಟ್ಟಿರಿ ತಾನೇ? ಇರಲಿ. ರಬ್ಬರ್ ಹತ್ತಿರದಲ್ಲೇ ಇಟ್ಟುಕೊಂಡಿರಿ.

೨

ಈ ಪ್ರಶ್ನೆಯನ್ನು ಬರೆದವರು ಭೂಗೋಳದ ಮೇಡಂ. ಇಪ್ಪತ್ತಾರು ವರ್ಷದಿಂದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾರೆ. ನಗರ ಸಾರಿಗೆ ಸಂಸ್ಥೆಯು ತನ್ನ ಕಂಟ್ರೋಲ್ ರೂಮಿಗೆ ನೂರಿಪ್ಪತ್ತು ಆಪರೇಟರುಗಳನ್ನು ತೆಗೆದುಕೊಳ್ಳಲು ಪರೀಕ್ಷೆ ನಡೆಸಿತು. ಐವತ್ತು ಸಾಮಾನ್ಯ ಜ್ಞಾನದ ಪ್ರಶ್ನೆ ಬರೆದುಕೊಡಿ ಎಂದು ಮೇಡಂಗೆ ಹೇಳಿತ್ತು. ನಲವತ್ತೊಂಬತ್ತು ಅಚ್ಚುಕಟ್ಟಾಗಿ ಸಿದ್ಧವಾಗಿದ್ದವು. ಒಂದು ಕಡಿಮೆ ಬಿತ್ತು. ಆ ಕಡೆಯಿಂದ ಗುಮಾಸ್ತ ಫೋನಿನಲ್ಲೇ ಕಾಯುತ್ತಿದ್ದ. ಟೀ ಆರುವಷ್ಟರಲ್ಲಿ ಮೇಡಂ ಪಠ್ಯಪುಸ್ತಕ ತೆರೆದರು. ‘ರಾಜಧಾನಿಯು ಒಳನಾಡಿನಲ್ಲಿ, ನದಿಯ ದಂಡೆಯ ಮೇಲಿದೆ’ ಎಂಬ ಸಾಲು ಸಿಕ್ಕಿತು. ಪ್ರಶ್ನೆ ಬರೆದರು, ಪಕ್ಕದಲ್ಲಿ ‘ತಪ್ಪು’ ಎಂದು ಉತ್ತರವನ್ನೂ ಬರೆದರು, ಕಳಿಸಿದರು, ಟೀ ಕುಡಿದರು.

ಆ ಪುಸ್ತಕ ಬರೆದಾಗ ಊರು ಚಿಕ್ಕದಿತ್ತು. ಆಮೇಲೆ ಊರು ಹರಡುತ್ತಾ ಹೋಯಿತು. ಪುಸ್ತಕ ಇದ್ದಲ್ಲೇ ಇತ್ತು.

(“ಟೀ ವಿಷಯ ಯಾಕೆ ಬರೆದ್ರಿ? ಬೇಜವಾಬ್ದಾರಿ ಹೆಂಗಸು ಅನ್ಸಲ್ವಾ?” ಎಂದು ಮೇಡಂ ಕೇಳುತ್ತಿದ್ದಾರೆ. ನೋಡಿ ಮೇಡಂ, ಟೀ ಇಲ್ಲದಿದ್ದರೆ ನೀವು ಓದುಗರಿಗೆ ಬರೀ ಒಂದು ಹುದ್ದೆ. ಟೀ ಇದ್ದರೆ ಮನುಷ್ಯರು. “ಹಾಗಿದ್ರೆ ಸಕ್ಕರೆ ಕಮ್ಮಿ ಅಂತಾನೂ ಬರೀರಿ.” ಸಕ್ಕರೆ ಕಮ್ಮಿ.)

೩

ಪರೀಕ್ಷೆ ಮುಗಿಯಿತು. ಸರಿಯುತ್ತರಗಳ ಪಟ್ಟಿಯೂ ತಾತ್ಕಾಲಿಕ ರ‍್ಯಾಂಕ್ ಪಟ್ಟಿಯೂ ಒಟ್ಟಿಗೆ ವೆಬ್‌ಸೈಟಿನಲ್ಲಿ ಬಂದವು. ಆಕ್ಷೇಪಣೆ ಇದ್ದವರು ಬರೆಯಬಹುದು ಎಂದಿದ್ದೇ ತಡ, ಇನ್ನೂರ ಹನ್ನೆರಡು ಆಕ್ಷೇಪಣೆಗಳು ಬಂದು ಬಿದ್ದವು. ಅವನ್ನು ವಿಲೇವಾರಿ ಮಾಡಲು ಮೂವರ ಸಮಿತಿ ಕೂತಿತು. ಅಧ್ಯಕ್ಷರು ಒಬ್ಬ ನಿವೃತ್ತ ಜಡ್ಜ್. ಇನ್ನೊಬ್ಬರು ನಗರಸಭೆಯ ಸರ್ವೇಯರ್. ಮೂರನೆಯವರು ಪ್ರಶ್ನೆ ಬರೆದ ಮೇಡಂ.

ಜಡ್ಜ್ ಸಾಹೇಬರಿಗೆ ಊಟದೊಳಗೆ ಎಲ್ಲವನ್ನೂ ಮುಗಿಸುವ ಹುಮ್ಮಸ್ಸು. “ತಿರಸ್ಕೃತ, ತಿರಸ್ಕೃತ, ಇದು ಪರವಾಗಿಲ್ಲ, ತಿರಸ್ಕೃತ” ಎನ್ನುತ್ತಾ ಹಾಳೆ ತಿರುವುತ್ತಿದ್ದರು. ನೂರ ನಲವತ್ತನೆಯದಕ್ಕೆ ಮೇಡಂ ಕೈ ಅಡ್ಡ ಹಿಡಿದರು.

“ಸರ್, ಒಂದ್ನಿಮಿಷ. ಇದನ್ನ ಓದ್ತೀನಿ.”

ಅದರಲ್ಲಿ ಇದ್ದದ್ದು ನಾಲ್ಕು ಸಾಲು. ‘ಪ್ರಶ್ನೆ ೪೭ಕ್ಕೆ ಉತ್ತರ ಸರಿ ಎಂದಿರಬೇಕು. ಕಾರಣ: ನನ್ನ ಮನೆ ರಾಜಧಾನಿಯಲ್ಲಿದೆ. ನನ್ನ ಮನೆಯ ಹಿಂದೆ ಸಮುದ್ರವಿದೆ. ವಾರ್ಡು ನೂರ ಹದಿನಾಲ್ಕು, ಬಸ್ಸಿನ ಕೊನೆಯ ಸ್ಟಾಪ್. ಅನುಮಾನವಿದ್ದರೆ ಬಂದು ನೋಡಬಹುದು.’ ಹೆಸರು ಮುಚ್ಚಿತ್ತು. ಅಭ್ಯರ್ಥಿ ಸಂಖ್ಯೆ ಮಾತ್ರ ಕಾಣುತ್ತಿತ್ತು.

ಸರ್ವೇಯರ್ ಕನ್ನಡಕ ಹಣೆಗೇರಿಸಿದರು. “ನೂರ ಹದಿನಾಲ್ಕು ಹೊಸ ವಾರ್ಡು. ಆರು ವರ್ಷದ ಹಿಂದೆ ಸೇರ್ಸಿದ್ದು. ನಕ್ಷೆ ಆಫೀಸಲ್ಲಿ ಕೂತೇ ಮಾಡಿದ್ವಿ. ನಾನು ಆ ಕಡೆ ಹೋಗೇ ಇಲ್ಲ.”

“ಹಾಗಾದ್ರೆ ಹೋಗೋಣ” ಎಂದರು ಮೇಡಂ.

“ನಾವು ಕಮಿಟಿ ಅಮ್ಮಾ, ಪ್ರವಾಸಿಗಳಲ್ಲ” ಎಂದರು ಜಡ್ಜ್. ಆದರೆ ಸ್ಥಳ ಪರಿಶೀಲನೆ ಎಂಬ ಮಾತಿಗೆ ನ್ಯಾಯದಲ್ಲಿ ಒಂದು ತೂಕವಿದೆ. ಹತ್ತು ನಿಮಿಷ ವಾದ ಮಾಡಿದ ಮೇಲೆ ಒಪ್ಪಿದರು, ಒಂದು ಷರತ್ತಿನ ಮೇಲೆ: “ಸ್ಥಳ ನೋಡಿ. ವ್ಯಕ್ತಿಯನ್ನ ನೋಡಕೂಡದು. ಅಭ್ಯರ್ಥಿ ಜೊತೆ ಮಾತಾಡಿದವರು ಆ ಪ್ರಶ್ನೆಗೆ ಮತ ಹಾಕೋ ಹಾಗಿಲ್ಲ. ನಿಯಮ.”

೪

(ಇಲ್ಲಿ ನನಗೊಂದು ದುರಾಸೆ ಬಂತು. ಒಂದು ಅಂಕ ಈ ಕಡೆ ಬಂದರೆ ಪಟ್ಟಿಯ ತುದಿಯಲ್ಲಿ ಒಬ್ಬರು ಒಳಗೆ, ಒಬ್ಬರು ಹೊರಗೆ. ಕಂಪ್ಯೂಟರ್ ವಿಭಾಗದವರು ಲೆಕ್ಕ ಹಾಕಿ ನೋಡಿದ್ದರು. ಆ ಹೊರಗೆ ಹೋಗುವವನು ಮೇಡಂ ಅವರ ಸ್ವಂತ ತಮ್ಮನಾದರೆ? ಎರಡು ಪುಟ ಬರೆದೂ ಬಿಟ್ಟೆ. ತಮ್ಮ ಬಾಗಿಲಲ್ಲಿ ನಿಂತು “ಅಕ್ಕಾ, ನೀನೇ ಹೇಳಿಕೊಟ್ಟ ಉತ್ತರ ಅಲ್ವಾ” ಎಂದು ಗದ್ಗದನಾಗುತ್ತಾನೆ. ಮೇಡಂ ಓದಿದರು. “ನನಗೆ ತಮ್ಮ ಇಲ್ಲ” ಎಂದರು. ಕಥೆಗಾಗಿ ಒಬ್ಬನನ್ನು ಹುಟ್ಟಿಸೋಣ ಎಂದೆ. “ನಮ್ಮಮ್ಮನ್ನ ಕೇಳಿ ಹುಟ್ಸಿ” ಎಂದರು. ಎರಡು ಪುಟ ದಂಡ. ಹೊರಗೆ ಹೋಗುವವನು ಯಾರೋ ಏನೋ, ಸದ್ಯಕ್ಕೆ ನೂರಿಪ್ಪತ್ತನೇ ರ‍್ಯಾಂಕಿನವನು ಅಷ್ಟೇ.)

೫

ಹೊರಡುವ ಹಿಂದಿನ ಸಂಜೆ ಮೇಡಂ ಅಡುಗೆಮನೆಯಲ್ಲಿ ವಿಷಯ ತೆಗೆದರು. ಅವರ ಅತ್ತೆಗೆ ಎಂಬತ್ತೆರಡು. ಬಟಾಣಿ ಬಿಡಿಸುತ್ತಾ ಕೂತಿದ್ದರು.

“ಅತ್ತೆ, ಒಂದೂರು ಕರಾವಳಿ ಊರು ಅಂತ ಹೇಗೆ ಹೇಳೋದು?”

“ಇಷ್ಟು ಓದಿ ನನ್ನ ಕೇಳ್ತೀಯಲ್ಲೇ! ಕಿಟಕಿ ಚಿಲಕ ನೋಡು. ಎರಡು ವರ್ಷಕ್ಕೆ ತುಕ್ಕು ಹಿಡಿದು ಉದುರಿದ್ರೆ ಕರಾವಳಿ. ಉದುರದಿದ್ರೆ ಅಲ್ಲ.”

“ಪುಸ್ತಕದಲ್ಲಿ ಹಾಗೆ ಬರಿಯಕ್ಕಾಗಲ್ಲ.”

“ಅದಕ್ಕೇ ನಿಮ್ ಪುಸ್ತಕ ಓದಿ ಯಾರೂ ಮನೆ ಕಟ್ಟಲ್ಲ.”

೬

ಬಸ್ಸು ಒಂದೂ ಮುಕ್ಕಾಲು ಗಂಟೆ ಓಡಿತು. ಮೊದಲು ಗಾಜಿನ ಕಟ್ಟಡಗಳು, ಆಮೇಲೆ ಟೈರಿನ ಅಂಗಡಿಗಳು, ಆಮೇಲೆ ಗೋಡೌನುಗಳು, ಆಮೇಲೆ ಇನ್ನೂ ಬಣ್ಣ ಕಾಣದ ಅಪಾರ್ಟ್‌ಮೆಂಟುಗಳು. ಎಲ್ಲದರ ಮೇಲೂ ಅದೇ ನಗರಸಭೆಯ ನೀಲಿ ನಂಬರ್ ಪ್ಲೇಟು. ಸರ್ವೇಯರ್ ಕಿಟಕಿಯಿಂದ ಆಚೆ ಬಗ್ಗಿ ಪ್ಲೇಟುಗಳನ್ನು ಓದುತ್ತಿದ್ದರು. “ಇದೂ ನಮ್ದೇ. ಇದೂ ನಮ್ದೇ. ಅಯ್ಯೋ, ಇದೂ ನಮ್ದೇ!” ಸ್ವಂತ ಆಸ್ತಿ ಸಿಕ್ಕವರ ಖುಷಿ ಅವರಿಗೆ.

ಕೊನೆಯ ಸ್ಟಾಪಿನಲ್ಲಿ ಇಳಿದವರು ಮೇಡಂ, ಸರ್ವೇಯರ್ ಇಬ್ಬರೇ. ತಗಡಿನ ಮಾಡಿನ ನಿಲ್ದಾಣ. ಒಂದು ಗಾಜಿನ ಗೂಡಿನೊಳಗೆ ಮೈಕು ಹಿಡಿದ ಹೆಂಗಸು. ಬಸ್ಸುಗಳ ಹೊರಡುವ ಹೊತ್ತು ಕೂಗುವುದು ಅವಳ ಕೆಲಸ. ಡ್ರೈವರುಗಳೆಲ್ಲ ಅವಳನ್ನು ಮೈಕಮ್ಮ ಎಂದೇ ಕರೆಯುತ್ತಿದ್ದರು.

ಮೇಡಂ ಗಾಜು ತಟ್ಟಿದರು. “ಇಲ್ಲಿ ಸಮುದ್ರ ಯಾವ ಕಡೆ?”

ಮೈಕಮ್ಮ ಕಣ್ಣರಳಿಸಿದಳು. “ಸಮುದ್ರಾನಾ? ನಿಜವಾಗ್ಲೂ ಸಮುದ್ರ ಕೇಳ್ತಿದೀರಾ? ಹನ್ನೊಂದು ವರ್ಷದಿಂದ ಇಲ್ಲಿ ಕೂತಿದೀನಿ ಅಕ್ಕಾ, ಇಳಿದವರೆಲ್ಲ ಟಾಯ್ಲೆಟ್ ಯಾವ ಕಡೆ ಅಂತ ಮಾತ್ರ ಕೇಳೋದು!” ಮೈಕ್ ಆನ್ ಇತ್ತು. ಅವಳ ಸಂಭ್ರಮ ಇಡೀ ನಿಲ್ದಾಣಕ್ಕೆ ಕೇಳಿಸಿತು. “ಈ ಸಂದಿಯಲ್ಲಿ ಹೋಗಿ, ಕೊನೇ ಮನೆ ದಾಟಿ. ಅಷ್ಟೇ.”

ಹೋದರು. ಕೊನೆಯ ಮನೆ ದಾಟಿದರು. ಅಲ್ಲಿ ಕೆಸರಿತ್ತು.

ಕಣ್ಣು ಹರಿಯುವಷ್ಟು ದೂರ ಕಂದು ಬಣ್ಣದ, ನುಣ್ಣಗೆ ಹೊಳೆಯುವ ಕೆಸರು. ಮನೆಯಿಂದ ಮೂವತ್ತು ಹೆಜ್ಜೆಗೆ, ಮೊಣಕಾಲೆತ್ತರದ ಒಂದು ಗಡಿಕಲ್ಲು. ಅದರಾಚೆ ಸುಮಾರು ಒಂದು ಕಿಲೋಮೀಟರ್ ದೂರದಲ್ಲಿ ತೆಳ್ಳನೆಯ ಬೆಳ್ಳಿಗೆರೆ.

ಸರ್ವೇಯರ್ ಉಪಕರಣ ತೆಗೆದು ನೋಡಿದರು. ಮುಖ ಇಳಿಯಿತು. “ನಮ್ಮ ಗಡಿ ಈ ಕಲ್ಲಿಗೇ ಮುಗೀತು ಮೇಡಂ. ಕೆಸರು ಪಕ್ಕದೂರಿಂದು. ಸಮುದ್ರ ಅಲ್ಲೆಲ್ಲೋ ಇದೆ. ಕರಾವಳಿ ಇರಬಹುದು, ನಮ್ಮದಲ್ಲ.”

(ಕಥೆ ಇಲ್ಲೇ ಮುಗಿಸಬಹುದಿತ್ತು. ಸಣ್ಣ ಕಥೆ, ಕಹಿ ಕಥೆ, ಪತ್ರಿಕೆಯವರಿಗೆ ಇಷ್ಟವಾಗುವ ಅಳತೆ. ಆದರೆ ಮೈಕಮ್ಮ ಬಿಡಬೇಕಲ್ಲ.)

೭

“ಖಾಲಿ ಇದ್ದಾಗ ಹೋದ್ರೆ ಖಾಲಿನೇ ಕಾಣತ್ತೆ” ಎಂದಳು ಮೈಕಮ್ಮ, ಇವರು ಜೋಲುಮುಖದಲ್ಲಿ ವಾಪಸು ಬಂದಾಗ. “ಈಗ ಹತ್ತು ಗಂಟೆ. ಮೂರೂ ನಲವತ್ತಕ್ಕೆ ಕಲ್ಲು ಮುಟ್ಟತ್ತೆ. ದಿನಾ ಐವತ್ತು ನಿಮಿಷ ಮುಂದಕ್ಕೆ ಹೋಗತ್ತೆ, ಆದ್ರೆ ಹೇಳಿದ ಟೈಮಿಗೆ ಬರತ್ತೆ. ನಮ್ಮ ಬಸ್ಸಿನ ಥರ ಅಲ್ಲ. ಒಳಗೆ ಬಂದು ಕೂತ್ಕೊಳ್ಳಿ, ಬಿಸಿಲು.”

ಕೂತರು. ಅವಳು ಕೂಗುವ ನಡುನಡುವೆ ಮಾತಾಡುತ್ತಿದ್ದಳು. ಕೆಲಸ ಹನ್ನೊಂದು ವರ್ಷದಿಂದ ತಾತ್ಕಾಲಿಕ. ಮನೆಯಲ್ಲಿ ಹಾಸಿಗೆ ಹಿಡಿದ ಗಂಡ, ಹತ್ತನೇ ಕ್ಲಾಸಿನ ಮಗಳು. ಮುಂದಿನ ತಿಂಗಳು ಇವಳಿಗೆ ನಲವತ್ತು ತುಂಬುತ್ತದೆ. ಅಲ್ಲಿಗೆ ಸರ್ಕಾರಿ ಪರೀಕ್ಷೆಗಳ ಬಾಗಿಲು ಮುಚ್ಚಿದಂತೆ.

“ಕಂಟ್ರೋಲ್ ರೂಮಿನ ಪರೀಕ್ಷೆ ಬರೆದಿದ್ದೆ ಅಕ್ಕಾ. ನನಗಿಂತ ಚೆನ್ನಾಗಿ ಯಾರಿಗೆ ಬರತ್ತೆ ಆ ಕೆಲಸ? ಯಾವ ಬಸ್ಸು ಎಲ್ಲಿ ಕೆಟ್ಟು ನಿಂತಿದೆ ಅಂತ ಹಾರ್ನ್ ಕೇಳಿ ಹೇಳ್ತೀನಿ. ನೂರಿಪ್ಪತ್ತು ಸೀಟು. ನಾನು ನೂರಿಪ್ಪತ್ತೊಂದು! ಒಂದೇ ಒಂದು ಪ್ರಶ್ನೆ. ಯಾರೋ ಮಹಾತಾಯಿ, ಮನೆಯಿಂದ ಆಚೆ ಕಾಲಿಟ್ಟವಳಲ್ಲ ಅನ್ಸತ್ತೆ, ರಾಜಧಾನಿಗೆ ಸಮುದ್ರ ಇಲ್ಲ ಅಂತ ಬರೆದುಬಿಟ್ಟಿದಾಳೆ. ನಮ್ಮನೆ ಹಿತ್ತಲಲ್ಲಿ ಏನಿದೆ ಹಾಗಾದ್ರೆ? ಸಾಂಬಾರಾ? ಅವಳು ನನ್ನ ಕೈಗೆ ಸಿಗ್ಬೇಕು...”

ಸರ್ವೇಯರಿಗೆ ವಿಪರೀತ ಕೆಮ್ಮು ಬಂತು.

ಮೇಡಂ ಎದ್ದು ನಿಂತರು. ಷರತ್ತು ನೆನಪಾಯಿತು. ಇವಳೇ ಆ ಅಭ್ಯರ್ಥಿ. ಈಗಲೇ ಹೊರಟುಬಿಟ್ಟರೆ ಮಾತಾಡಿದ್ದು ಕಾಕತಾಳೀಯ ಎಂದು ಸಮರ್ಥಿಸಿಕೊಳ್ಳಬಹುದು. ಗಡಿಯಾರ ನೋಡಿದರು. ಮೂರು ಇಪ್ಪತ್ತು.

ಅವರು ಹೊರಡಲಿಲ್ಲ. (ಯಾಕೆ ಮೇಡಂ? “ಇನ್ನು ಇಪ್ಪತ್ತೇ ನಿಮಿಷ ಇತ್ತು” ಎಂದರು ನನ್ನ ಹತ್ತಿರ. ಇದಕ್ಕಿಂತ ಪ್ರಾಮಾಣಿಕವಾದ ಕಾರಣ ನನಗೂ ಹೊಳೆಯಲಿಲ್ಲ.)

೮

ಮೂವರೂ ಕಲ್ಲಿನ ಹತ್ತಿರ ನಿಂತರು. ಮೈಕಮ್ಮ ಪಾಳಿ ಮುಗಿಸಿ ಬಂದಿದ್ದಳು.

ಮೊದಲು ಬಂದದ್ದು ಸದ್ದು. ಸಾವಿರಾರು ಜನ ಮೆಲ್ಲಗೆ ಕಾಗದ ಮಡಿಸುತ್ತಿರುವ ಹಾಗೆ. ಆಮೇಲೆ ಕೆಸರಿನ ಸಣ್ಣ ಸಣ್ಣ ಕಾಲುವೆಗಳಲ್ಲಿ ನೀರು ಬೆರಳು ಚಾಚಿತು. ಬೆಳ್ಳಿಗೆರೆ ದಪ್ಪವಾಯಿತು, ಹತ್ತಿರವಾಯಿತು, ಒಮ್ಮೆಗೇ ಅಗಲವಾಯಿತು. ಇಷ್ಟು ಹೊತ್ತು ನೆಲವಾಗಿದ್ದದ್ದು ಕಣ್ಣೆದುರೇ ನೀರಾಗುತ್ತಿತ್ತು.

ಇಪ್ಪತ್ತಾರು ವರ್ಷ ಮೇಡಂ ಬೋರ್ಡಿನ ಮೇಲೆ ಉಬ್ಬರವಿಳಿತದ ಚಿತ್ರ ಬರೆದಿದ್ದಾರೆ. ಚಂದ್ರನಿಗೆ ಒಂದು ವೃತ್ತ, ಭೂಮಿಗೆ ಒಂದು ವೃತ್ತ, ನಡುವೆ ಬಾಣ. ಆ ಬಾಣ ಹೀಗೆ ಕಾಲ ಬಳಿ ಬಂದು ಗುಳುಗುಳು ಎನ್ನುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಚಪ್ಪಲಿ ಕಳಚಿದರು. ಸೀರೆಯ ನೆರಿಗೆ ಎತ್ತಿ ಹಿಡಿದರು.

“ಮೂರು ಮೀಟರ್!” ಸರ್ವೇಯರ್ ಉಪಕರಣ ನೋಡುತ್ತಾ ಕೂಗಿದರು. “ಎರಡು! ಒಂದೂವರೆ! ಮೇಡಂ, ಬರ್ತಿದೆ! ಬರ್ತಿದೆ!”

“ಬರತ್ತೆ ಅಂದ್ನಲ್ಲಾ!” ಮೈಕಮ್ಮ ಚಪ್ಪಾಳೆ ತಟ್ಟಿದಳು.

ಮೂರೂ ನಲವತ್ತೆರಡಕ್ಕೆ ನೀರು ಕಲ್ಲನ್ನು ಮುಟ್ಟಿತು. ಸುತ್ತಿತು. ಕಲ್ಲಿನ ಈ ಕಡೆಗೆ, ರಾಜಧಾನಿಯ ಒಳಗೆ, ಯಾರ ಅಪ್ಪಣೆಯನ್ನೂ ಕೇಳದೆ ಬಂದು ಮೇಡಂ ಅವರ ಪಾದ ಮುಳುಗಿಸಿತು.

“ಬಂತು!” ಎಂದು ಕಿರುಚಿದವರು ಭೂಗೋಳದ ಮೇಡಂ. ವಯಸ್ಸು ಐವತ್ತೊಂದು. ಅವರ ಒಂದು ಚಪ್ಪಲಿ ತೇಲಿಹೋಯಿತು. (“ತೇಲಿಹೋಗ್ಲಿಲ್ಲ, ಹಿಡ್ಕೊಂಡೆ.” ಕ್ಷಮಿಸಿ ಮೇಡಂ, ನನ್ನ ಕಥೆಯಲ್ಲಿ ಹೋಯಿತು.)

ಸರ್ವೇಯರ್ ಉಸಿರು ತೆಗೆದುಕೊಂಡು ಹೇಳಿದರು, “ನಮ್ಮ ಕೈಪಿಡಿಯಲ್ಲಿ ದಡ ಅಂದ್ರೆ ಉಬ್ಬರದ ನೀರು ಮುಟ್ಟೋ ಗೆರೆ. ಇಳಿತದ್ದಲ್ಲ. ಅಂದ್ರೆ...” ವಾಕ್ಯ ಮುಗಿಸದೆ ನಗತೊಡಗಿದರು.

ಮೇಡಂ ಮೈಕಮ್ಮನ ಕಡೆ ತಿರುಗಿದರು. “ಆ ಮಹಾತಾಯಿ ನಾನೇ.”

ಮೈಕಮ್ಮನ ಚಪ್ಪಾಳೆ ನಿಂತಿತು. ಹನ್ನೊಂದು ವರ್ಷ ಮೈಕಿನಲ್ಲಿ ಕೂಗಿದವಳು ಮೆಲ್ಲಗೆ ಕೇಳಿದಳು: “ಅಂದ್ರೆ ಈಗ ನನ್ನ ಬೈಗುಳಾನೂ ಫೈಲಿಗೆ ಹೋಗತ್ತಾ?”

೯

ಮುಂದಿನ ಸಭೆ. ಜಡ್ಜ್ ಎದುರು ಮೂರು ದಾರಿಗಳಿದ್ದವು. ಉತ್ತರ ಹಾಗೇ ಬಿಡುವುದು. ಬದಲಿಸುವುದು. ಇಲ್ಲವೇ ಈಗಿನ ಅಂಕದ ಮೇಲೆ ಎಲ್ಲರಿಗೂ ಒಂದೊಂದು ಅಂಕ ಸೇರಿಸಿ ಕೈ ತೊಳೆದುಕೊಳ್ಳುವುದು.

“ಮೂರನೇದು ಒಳ್ಳೇದು. ಯಾರಿಗೂ ಬೇಜಾರಿಲ್ಲ” ಎಂದರು ಜಡ್ಜ್.

“ಎಲ್ಲರಿಗೂ ಕೊಟ್ರೆ ಯಾರಿಗೂ ಕೊಡದ ಹಾಗೇ ಸರ್. ಪಟ್ಟಿ ಇದ್ದ ಹಾಗೇ ಇರತ್ತೆ.” ಮೇಡಂ ದನಿ ಗಟ್ಟಿಯಾಗಿತ್ತು. “ನಾನು ಹಾಕಿದ ಉತ್ತರ ತಪ್ಪು. ಪುಸ್ತಕ ನೋಡಿ ಹಾಕಿದೆ. ಊರು ನೋಡಿರ್ಲಿಲ್ಲ.”

“ಪುಸ್ತಕ ಓದಿ ಉತ್ತರ ಬರೆದವನದ್ದೇನು ತಪ್ಪಮ್ಮಾ?”

ಮೇಡಂಗೆ ಇನ್ನೊಂದು ಹೇಳುವುದಿತ್ತು. ಹೇಳಿದರೆ ಮೈಕಮ್ಮನ ಪಾಲಿನ ಒಂದು ಮತ ಹೋಗುತ್ತದೆ. ಹೇಳದಿದ್ದರೆ ಎರಡಕ್ಕೆ ಒಂದರಂತೆ ಇವತ್ತೇ ಗೆಲುವು. ಸರ್ವೇಯರ್ ಮೇಜಿನ ಕೆಳಗಿಂದ ಕಾಲು ಒತ್ತಿದರು, ಬೇಡ ಎಂದು. (ನಾನೂ ಪೆನ್ನು ಒತ್ತಿ ಹಿಡಿದೆ, ಬೇಡ ಎಂದು.)

“ಸರ್, ನಾನು ಅಭ್ಯರ್ಥಿ ಜೊತೆ ಮಾತಾಡಿದೀನಿ. ಅವಳು ಅಂತ ಗೊತ್ತಾದ ಮೇಲೂ ಎದ್ದು ಬರ್ಲಿಲ್ಲ. ಸರ್ವೇಯರ್ ಅಳತೆ ಮಾತ್ರ ಮಾಡಿದ್ರು, ಅವಳ ಜೊತೆ ಒಂದು ಮಾತೂ ಆಡ್ಲಿಲ್ಲ. ಬರೀ ಕೆಮ್ಮಿದ್ರು.”

ಜಡ್ಜ್ ಪೆನ್ನು ಕೆಳಗಿಟ್ಟರು. “ಹಾಗಾದ್ರೆ ನೀವು ಆಚೆ ಹೋಗ್ಬೇಕಾಗತ್ತೆ.”

ಮೇಡಂ ಚೀಲ ತೆಗೆದುಕೊಂಡು ಆಚೆ ಹೋದರು. ಕಾರಿಡಾರಿನ ಬೆಂಚಿನಲ್ಲಿ ಕೂತರು.

೧೦

ಈಗ ಮತ ಒಂದಕ್ಕೆ ಒಂದು. ಸಮವಾದಾಗ ನಿರ್ಣಾಯಕ ಮತ ಅಧ್ಯಕ್ಷರಾದ ಜಡ್ಜ್ ಸಾಹೇಬರದು. ಅವರು “ನಾನೇ ನೋಡ್ತೀನಿ” ಎಂದು ಕೊಡೆ, ಟಿಫನ್ ಬಾಕ್ಸು ಹಿಡಿದು ಬಸ್ಸು ಹತ್ತಿದರು. ನನ್ನ ಹತ್ತಿರ ಮೂರು ಮುಕ್ತಾಯಗಳು ಸಿದ್ಧವಾಗಿದ್ದವು.

ಅ) ಜಡ್ಜ್ ಇಳಿತದ ಹೊತ್ತಿಗೆ ಹೋಗುತ್ತಾರೆ, ಕೆಸರು ನೋಡುತ್ತಾರೆ, ತಿರಸ್ಕೃತ ಎಂದು ಬರೆಯುತ್ತಾರೆ. ಓದುಗರು ನಿಟ್ಟುಸಿರು ಬಿಡುತ್ತಾರೆ.

ಆ) ಉಬ್ಬರದ ಹೊತ್ತಿಗೆ ಹೋಗುತ್ತಾರೆ, ಪ್ಯಾಂಟು ಒದ್ದೆಯಾಗುತ್ತದೆ, ಬಾಲ್ಯ ನೆನಪಾಗುತ್ತದೆ. ಓದುಗರು ಕಣ್ಣೊರೆಸಿಕೊಳ್ಳುತ್ತಾರೆ. ನಾನು ಮಾತ್ರ ಕನ್ನಡಿ ನೋಡಿಕೊಳ್ಳಲಾರೆ.

ಇ) ಹೋಗುವ ದಾರಿಯಲ್ಲಿ ಬಸ್ಸು ಕೆಡುತ್ತದೆ. (ಮೈಕಮ್ಮ: “ಆ ರೂಟಲ್ಲಿ ಹೊಸ ಬಸ್ಸು ಹಾಕಿದಾರೆ ಸ್ವಾಮಿ, ಸುಮ್ನೆ ಹೆಸರು ಕೆಡಿಸ್ಬೇಡಿ.”)

ಜಡ್ಜ್ ಮೂರನ್ನೂ ಮೂಲೆಗೆ ತಳ್ಳಿದರು. ಬೆಳಿಗ್ಗೆ ಹೋದವರು ಸಂಜೆಯ ತನಕ ಕಲ್ಲಿನ ಪಕ್ಕ ಕೊಡೆ ಹಿಡಿದು ಕೂತರು. ಇಳಿತವನ್ನೂ ನೋಡಿದರು, ಉಬ್ಬರವನ್ನೂ ನೋಡಿದರು, ನಡುವೆ ಊಟ ಮಾಡಿದರು, ಯಾರ ಹತ್ತಿರವೂ ಮಾತಾಡಲಿಲ್ಲ. ವಾಪಸು ಬಂದು ಹನ್ನೊಂದು ಪುಟದ ಆದೇಶ ಬರೆದರು. ಹತ್ತು ಪುಟ ಕಾನೂನು. ಹನ್ನೊಂದನೆಯದರಲ್ಲಿ ಒಂದೇ ವಾಕ್ಯ: ‘ದಿನಕ್ಕೆ ಎರಡು ಸಲ ಕರಾವಳಿಯಾಗುವ ನಗರವನ್ನು ಕರಾವಳಿಯಲ್ಲವೆನ್ನಲು ಈ ಸಮಿತಿಗೆ ಧೈರ್ಯ ಸಾಲದು.’

ಉತ್ತರ ಬದಲಾಯಿತು. ಸರಿ. ಮೈಕಮ್ಮ ನೂರಿಪ್ಪತ್ತನೆಯವಳಾದಳು. ಆ ದಿನ ಕೊನೆಯ ಸ್ಟಾಪಿನ ಮೈಕಿನಲ್ಲಿ ಯಾವ ಬಸ್ಸು ಯಾವಾಗ ಹೊರಡುತ್ತದೆಂದು ಯಾರಿಗೂ ತಿಳಿಯಲಿಲ್ಲವಂತೆ. ಅವಳು ಎಲ್ಲ ಬಸ್ಸುಗಳನ್ನೂ ಒಂದೇ ಉಸಿರಿಗೆ ಕೂಗಿ ಅಳುತ್ತಿದ್ದಳಂತೆ.

೧೧

ಆದರೆ ಬದಲಾದ ಉತ್ತರಕ್ಕೂ ಆಕ್ಷೇಪಣೆ ಸಲ್ಲಿಸಲು ಏಳು ದಿನ ಅವಕಾಶವಿತ್ತು. ಆರನೇ ದಿನ ಒಂದು ಬಂತು.

ಸರ್ವೇಯರ್ ಫೋನು ಮಾಡಿ ಓದಿದರು. ‘ನಾನು ಮೊನ್ನೆಯವರೆಗೆ ನೂರಿಪ್ಪತ್ತನೆಯವನಾಗಿದ್ದೆ. ವೃತ್ತಿಯಿಂದ ಬಾವಿ ತೋಡುವವನು. ಸಮುದ್ರದ ಪಕ್ಕ ತೋಡಿದ ಬಾವಿಗೆ ಉಪ್ಪು ಇಳಿಯುತ್ತದೆ. ಇದೇ ರಾಜಧಾನಿಯಲ್ಲಿ ನಾನೂರು ಬಾವಿ ತೋಡಿದ್ದೇನೆ. ಒಂದರಲ್ಲೂ ಉಪ್ಪು ಸಿಕ್ಕಿಲ್ಲ.’

ಮೇಡಂ ಜಡ್ಜ್ ಸಾಹೇಬರಿಗೆ ಫೋನು ಮಾಡಿದರು. ಅಭ್ಯರ್ಥಿಯನ್ನು ನೋಡಬಹುದೇ ಎಂದು ಕೇಳಿದರು. “ನೀವೀಗ ಈ ಪ್ರಶ್ನೆಗೆ ಕಮಿಟಿಯಲ್ಲೇ ಇಲ್ವಲ್ಲಮ್ಮಾ. ಯಾರನ್ನ ಬೇಕಾದ್ರೂ ನೋಡಿ” ಎಂದರು ಅವರು. ಫೋನಿಡುವ ಮುನ್ನ, “ನೋಡಿ ಬಂದು ನನಗೂ ಹೇಳಿ.”

(ಮೇಡಂ, ಯಾಕೆ ಹೋಗಬೇಕು? ಕಥೆ ಚೆನ್ನಾಗಿ ಮುಗಿದಿದೆ, ಮೈಕಮ್ಮ ಗೆದ್ದಿದ್ದಾಳೆ, ಇಲ್ಲಿಗೇ ಬಿಡೋಣ. “ನಿಮಗೆ ಮುಗಿದಿರಬಹುದು” ಎಂದು ಅವರು ಹೊಸ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ನಾನು ಹಾಳೆ ಹಿಡಿದು ಹಿಂದೆ ಓಡಿದೆ.)

೧೨

ಊರಿನ ಇನ್ನೊಂದು ತುದಿ. ಬಂಡೆಗಳು, ಒಣ ಗಾಳಿ, ಅದೇ ನೀಲಿ ನಂಬರ್ ಪ್ಲೇಟು. ಬಾವಿ ತೋಡುವವನಿಗೂ ಮೂವತ್ತೊಂಬತ್ತು. ಹಾರೆ, ಯಂತ್ರ ಹಿಡಿದು ಹಿಡಿದು ಅವನ ಎರಡೂ ಅಂಗೈ ಸದಾ ಸಣ್ಣಗೆ ಅದುರುತ್ತಿದ್ದವು. ಕೂತು ಮಾಡುವ ಕೆಲಸವಾದರೆ ಇನ್ನೂ ಇಪ್ಪತ್ತು ವರ್ಷ ದುಡಿಯಬಲ್ಲೆ ಎಂದು ಡಾಕ್ಟರು ಹೇಳಿದ್ದಾರಂತೆ. ಅವನು ಇದನ್ನು ದೂರಿನ ಹಾಗೆ ಹೇಳಲಿಲ್ಲ. ಹವಾಮಾನದ ಸುದ್ದಿಯ ಹಾಗೆ ಹೇಳಿದ.

“ನೀವು ಸಮುದ್ರ ನೋಡಿ ಬಂದಿರಂತೆ ಮೇಡಂ. ನಾನು ಬೇಡ ಅನ್ನಲ್ಲ, ಅಲ್ಲಿ ಇರಬಹುದು. ಇದನ್ನೂ ಒಂದ್ಸಲ ನೋಡಿ.”

ಮನೆಯ ಹಿಂದೆ ಅವನು ತಾನೇ ತೋಡಿದ ಬಾವಿ. ಮೇಡಂ ಬಗ್ಗಿ ನೋಡಿದರು. ತುಂಬಾ ಕೆಳಗೆ ಒಂದು ಬಿಲ್ಲೆಯಷ್ಟು ಆಕಾಶ ಹೊಳೆಯುತ್ತಿತ್ತು. ಎಷ್ಟು ಆಳ? ಯಾವ ಪದರದ ಕಲ್ಲು? ಈ ನೀರು ಎಲ್ಲಿಂದ ಬಂತು? ಪ್ರಶ್ನೆಗಳು ಒಂದರ ಮೇಲೊಂದು ನುಗ್ಗಿದವು. ಅವನು ರಾಟೆಗೆ ಹಗ್ಗ ಹಾಕಿ ಅದುರುವ ಕೈಗಳಲ್ಲೇ ಸರಸರನೆ ಸೇದಿ, ಚೊಂಬಿಗೆ ಬಗ್ಗಿಸಿ ಮುಂದೆ ಹಿಡಿದ.

“ಕುಡಿದು ನೋಡಿ. ಆಮೇಲೆ ಹೇಳಿ, ನಾನು ಬರೆದಿದ್ದು ಸರಿನೋ ತಪ್ಪೋ.”

(ಮೇಡಂ, ಹುಷಾರು. ನೀವು ಏನು ಹೇಳಿದರೂ ಒಬ್ಬರ ಕೆಲಸ ಹೋಗುತ್ತದೆ. ಹೇಳಬೇಡಿ. ಅಥವಾ ಹೇಳಿ, ನಾನು ಬರೆದುಕೊಳ್ಳುತ್ತೇನೆ. ಯಾವುದಕ್ಕೂ ಮೊದಲು ನನ್ನ ಕಡೆ ಒಮ್ಮೆ ನೋಡಿ.)

ಅವರು ನನ್ನ ಕಡೆ ನೋಡಲಿಲ್ಲ. ಚೊಂಬೆತ್ತಿ, ಒಂದು ದೊಡ್ಡ ಗುಟುಕು ಬಾಯಿಗೆ ತುಂಬಿಕೊಂಡರು. ತಣ್ಣಗೆ, ಸಿಹಿಯಾಗಿ, ಹಲ್ಲು ಜುಮ್ಮೆನ್ನುವ ಹಾಗಿತ್ತು. ಅವನು ಕಾಯುತ್ತಾ ನಿಂತ. ಅವರ ಕೆನ್ನೆ ಎರಡೂ ಉಬ್ಬಿದ್ದವು, ಕಣ್ಣು ಮಿನುಗುತ್ತಿತ್ತು, ಬಾಯಿ ತುಂಬಾ ನೀರು. ಏನು ಹೇಳಬೇಕಿದ್ದರೂ ಮೊದಲು ನುಂಗಬೇಕು. ಅವರು ಇನ್ನೂ ನುಂಗಿಲ್ಲ.